ಎಲೆಬಳ್ಳಿಗೆ ಬಿಟ್ಟುಕೊಟ್ಟ ಹಿಂದಿನ ಕೋಣೆ

ಇವತ್ತು ಆದ ಕೆಲಸ ಇಷ್ಟು. ನಸುಕಿನಲ್ಲಿ ಎದ್ದು ಅಂಗಳಕ್ಕೆ ನೀರು ಹೊಡೆದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಒಂದು ಬುಟ್ಟಿ ಹುಣಸೆಹಣ್ಣಿನ ಬೀಜ ಬಿಡಿಸಿ ಬಿಸಿಲಿಗೆ ಹರವಿದೆ. ಕೌದಿಯ ಹರಿದ ಮೂಲೆಗೆ ತೇಪೆ ಹಾಕಿದೆ. ಮಧ್ಯಾಹ್ನ ಝಳ ಹೆಚ್ಚಾದಾಗ ಕುಡಿಯುವ ನೀರಿನ ಹರವಿಗೆ ಹಸಿ ಗೋಣಿತಟ್ಟು ಸುತ್ತಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ, ಗುರುವಾರವಾದ್ದರಿಂದ, ಅಂಗಡಿ ಅಂಗಡಿಗೆ ಲೋಬಾನದ ಹೊಗೆ ತೋರಿಸುತ್ತ ಹೋಗುವ ಫಕೀರ ಸೇಡಂನ ನಮ್ಮ ಓಣಿಯಲ್ಲೂ ಹಾದುಹೋದ. ಹೊಗೆ ಬಾಗಿಲೊಳಗೆ ಬಂತು, ಹರವಿಯ ಹಸಿ ತಟ್ಟಿನ ವಾಸನೆಯ ಜೊತೆ ಕೂಡಿತು. ಅಷ್ಟೇ. ಕೈಯಲ್ಲಿದ್ದ ಬೆಂಕಿಕಡ್ಡಿ ಹಾಗೇ ಹಿಡಿದುಕೊಂಡು ನಾನು ಶಹಾಬಾದದ ನಮ್ಮ ಹಳೆಯ ಮನೆಯ ಹಿಂದಿನ ಕೋಣೆಯಲ್ಲಿ ನಿಂತುಬಿಟ್ಟಿದ್ದೆ.

ಅದು ಹೈದರಾಬಾದ್ ರಾಜ್ಯದ ಕೊನೆಯ ಬೇಸಿಗೆ. ದೀಪಾವಳಿಯ ಹೊತ್ತಿಗೆ ನಾವು ಮೈಸೂರು ರಾಜ್ಯದವರಾದೆವು. ಆದರೆ ಯುಗಾದಿಯಲ್ಲಿ ಆ ಮಾತೆಲ್ಲ ಕಟ್ಟೆಯ ಮೇಲೆ ಕೂತ ಗಂಡಸರದು. ನನಗೆ ಇಪ್ಪತ್ಮೂರು ವರ್ಷ. ಚಿಂಚೋಳಿ ಕಡೆಯ ಮಣ್ಣಿನ ಮನೆಯಲ್ಲಿ ಹುಟ್ಟಿ ಬೆಳೆದವಳು, ಮದುವೆಯಾಗಿ ಶಹಾಬಾದದ ಕಲ್ಲಿನ ಮನೆಗೆ ಬಂದು ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಮೂರೇ ಜನ. ನಮ್ಮ ಮನೆಯವರು ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದರು. ಅತ್ತೆ ನಿಂಗಮ್ಮ ಎಲೆ ಅಡಿಕೆ ಅಗಿಯುತ್ತಿದ್ದರು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಅವರು ಮನೆಗೆಲಸವನ್ನೆಲ್ಲ ಮಾಡುತ್ತಿದ್ದರು, ಆದರೆ ಯಾವ ಕೆಲಸವೂ ದವಡೆಯಲ್ಲಿ ಎಲೆ ಇಲ್ಲದೆ ಶುರುವಾಗುತ್ತಿರಲಿಲ್ಲ.

ಆ ಎಲೆ ಕೊಡುತ್ತಿದ್ದವರು ಹಾಜರಾಬಿ, ನನಗೆ ಹಾಜರಾ ಖಾಲಾ, ಅಂದರೆ ಚಿಕ್ಕಮ್ಮ. ಊರ ಹೊರಗೆ ಪಾಲಿಗೆ ಮಾಡಿದ ಒಂದು ಸಣ್ಣ ಎಲೆತೋಟ ಅವರದು. ಅದನ್ನು ಹಚ್ಚಿದವರು ಅವರ ಗಂಡ. ಎಲ್ಲಿಂದಲೋ ಬಳ್ಳಿ ತಂದು, ಹೆಗಲ ಮೇಲೆ ನೀರು ಹೊತ್ತು ಬೆಳೆಸಿದ್ದರಂತೆ. ಅವರು ತೀರಿಹೋಗಿ ಎರಡು ವರ್ಷವಾಗಿತ್ತು. ಆ ಎಲೆ ಸಣ್ಣದು, ತೆಳ್ಳಗಿನದು. ಬಾಯಲ್ಲಿಟ್ಟರೆ ಚೂರೂ ನಾರು ಉಳಿಯುತ್ತಿರಲಿಲ್ಲ. ಆ ಜಾತಿಯ ಬಳ್ಳಿ ಆಸುಪಾಸಿನಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ.

ಯುಗಾದಿ ಕಳೆದ ಮೂರನೇ ದಿನ ಖಾಲಾ ಖಾಲಿ ಬುಟ್ಟಿ ಹಿಡಿದು ಬಂದು ಪಡಸಾಲೆಯಲ್ಲಿ ಕುಳಿತರು. ತೋಟದ ಜಮೀನು ಕಲ್ಲಿನ ಖಣಿಗೆ ಹೋಗಿತ್ತು. ಎಲೆತೋಟದ ಕೆಳಗೆ ನೆಲಕ್ಕೆ ಹಾಸುವ ಒಳ್ಳೆಯ ಫರಸಿ ಕಲ್ಲು ಇದೆಯೆಂದು ಗೊತ್ತಾದ ಮೇಲೆ ಜಮೀನಿನ ಮಾಲೀಕ ಎಲೆ ನೋಡುತ್ತಾನೆಯೇ? ಕಾಗಿಣಾ ನದಿ ದಂಡೆಯಲ್ಲಿ ಬೇರೆ ತುಂಡು ಸಿಕ್ಕಿತ್ತು, ಆದರೆ ಅಲ್ಲಿ ಇನ್ನೊಬ್ಬರ ಬದನೆ ಗಿಡ ಇದ್ದವು. ಮಿರಗದ, ಅಂದರೆ ಮೃಗಶಿರಾ ಮಳೆ ಬಿದ್ದ ಮೇಲೇ ಆ ನೆಲ ಇವರ ಕೈಗೆ. ಅಲ್ಲಿಯವರೆಗೆ ಬಳ್ಳಿಯ ತುಂಡುಗಳನ್ನು ಎಲ್ಲಾದರೂ ಜೀವ ಹಿಡಿಸಿ ಇಡಬೇಕು. ಖಾಲಾ ಇರುವುದು ಸ್ಟೇಶನ್ ಹತ್ತಿರ ಒಂದೇ ತಗಡಿನ ಖೋಲಿಯಲ್ಲಿ.

"ಶಾಂತಾ ಬೇಟಿ, ನಿಮ್ಮ ಹಿಂದಿನ ಕೋಣಿ ನನಗ ಮಿರಗದ ತನಕ ಕೊಡ್ತೀರೇನು?"

"ಯಾರು ಇರ್ತಾರ್ರಿ ಖಾಲಾ?"

"ನಲವತ್ತೆರಡು ಮಂದಿ. ಮಾತಾಡಂಗಿಲ್ಲ, ರೊಟ್ಟಿ ಕೇಳಂಗಿಲ್ಲ. ನೀರು ಅಷ್ಟ ಕುಡೀತಾರ."

ಒಳಗಿನಿಂದ ಅತ್ತೆಯ ದನಿ ಬಂತು. "ಆ ಕೋಣ್ಯಾಗ ನಾ ಮಲಗ್ತೀನಿ ಹಾಜರಾಬಿ. ನಾ ಎಲ್ಲಿ ಹೋಗ್ಲಿ? ನಿನ್ನ ಬಳ್ಳಿ ನನ್ನ ಮ್ಯಾಲ ಹಬ್ಬಲೇನು?"

"ನಿಂಗಮ್ಮಕ್ಕ, ಇಷ್ಟು ವರ್ಷ ನಿಮ್ಮ ಬಾಯಾಗ ಆಡ್ಲಿಕತ್ತಿದ್ದು ಇದೇ ಬಳ್ಳಿ ಎಲಿ. ಇದು ಸತ್ತರ ನಾಳಿಗಿ ಏನು ಅಗೀತೀರಿ? ಕಡ್ಲಿಬ್ಯಾಳಿ?"

ಒಳಗಿನಿಂದ ಮಂಚ ಎಳೆಯುವ ಸಪ್ಪಳ ಬಂತು. ಅತ್ತೆ ತಮ್ಮ ಮಂಚವನ್ನು ತಾವೇ ಪಡಸಾಲೆಗೆ ಎಳೆದುಕೊಂಡು ಬರುತ್ತಿದ್ದರು.

ಒಡಕು ಹರವಿ, ತೂತು ಬಿದ್ದ ಡಬ್ಬಿ, ಹಳೆಯ ಗಡಿಗೆ, ಹೀಗೆ ನಲವತ್ತೆರಡು ಪಾತ್ರೆಗಳಲ್ಲಿ ಹೊಳೆಯ ಮಣ್ಣು, ಕೊಳೆತ ಗೊಬ್ಬರ ತುಂಬಿ ಬಳ್ಳಿ ಹಚ್ಚಿದೆವು. ಖಾಲಾ ಒಂದೇ ಕಟ್ಟಳೆ ಹಾಕಿದರು: ಚಪ್ಪಲಿ ಹೊರಗೆ, ಕಾಲು ತೊಳೆದು ಒಳಗೆ. ಎಲೆತೋಟಕ್ಕೆ ಇರುವ ಮರ್ಯಾದೆ ಎಲೆಕೋಣೆಗೂ ಇರಬೇಕು. ಮಿರಗದ ತನಕ ಒಂದು ಎಲೆಯನ್ನೂ ಯಾರೂ ಹರಿಯಬಾರದು ಎನ್ನುವುದನ್ನು ಅತ್ತೆಯ ಮುಖ ನೋಡಿ ಬೇರೆಯಾಗಿ ಹೇಳಿದರು.

ಖಾಲಾ ಬೆಳಗ್ಗೆ ಸಂಜೆ ಬರುತ್ತಿದ್ದರು. ನಡುವಿನ ಹೊತ್ತೆಲ್ಲ ಕೋಣೆ ನನ್ನ ಪಾಲಿಗೆ. ನನಗೆ ದೊಡ್ಡ ಉಮೇದು. ನಮ್ಮ ತವರಿನಲ್ಲಿ ಬೇಸಿಗೆ ಬಂದರೆ ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು: ಹೊತ್ತೇರುವ ಮೊದಲೇ ಬಾಗಿಲು ಕಿಟಕಿ ಭದ್ರ ಮಾಡುವುದು, ನೆಲ ಸಾರಿಸುವುದು. ಒಳಗೆ ಹೋದರೆ ಬಾವಿಯ ತಂಪು. ಹಾಗೆಯೇ ಮಾಡಿದೆ. ಬಾಗಿಲು ಹಾಕಿದೆ, ಬಾಗಿಲ ಸಂದಿಗೆ ಚಿಂದಿ ತುರುಕಿದೆ, ಬಡಗು ಗೋಡೆಯ ಸಣ್ಣ ಕಿಟಕಿಗೆ ತಟ್ಟು ಹೊಡೆದೆ, ನೆಲಕ್ಕೆ ಹಸಿ ಗೋಣಿ ಹಾಸಿದೆ. ದಿನಕ್ಕೆ ಮೂರು ಸಲ ನೀರು. ಝಳದ ಒಂದು ಎಳೆಯೂ ಒಳಗೆ ಬರಬಾರದೆಂದು ನನ್ನ ಹಟ. ಸಂಜೆ ಬಂದ ಖಾಲಾರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದೆ.

ಮಣ್ಣಿನ ಮನೆ ಮತ್ತು ಕಲ್ಲಿನ ಮನೆ ಬೇರೆ ಬೇರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ತವರಿನ ಮಾಳಿಗೆಗೆ, ಅಂದರೆ ಚಾವಣಿಗೆ, ಮೊಳದಷ್ಟು ದಪ್ಪ ಮಣ್ಣಿತ್ತು. ಇಲ್ಲಿ ನೆಲಕ್ಕೆ ಫರಸಿ, ಗೋಡೆಗೆ ಫರಸಿ, ತೊಲೆಗಳ ಮೇಲೆ ಹಾಸಿದ ಮಾಳಿಗೆಯೂ ಬರೀ ಫರಸಿ. ಅದು ದಿನವೆಲ್ಲ ಬಿಸಿಲು ಕುಡಿದು ಸಂಜೆಯಾದ ಮೇಲೆ ಕೆಳಗೆ ಉಗುಳುತ್ತದೆ.

ಹನ್ನೆರಡು ದಿನಕ್ಕೆ ಎಲೆಗಳು ಹಳದಿಯಾದವು. ಕೆಲವು ಬಳ್ಳಿಗಳ ಬುಡ ಕರ್ರಗಾಗಿ, ನೆನೆದ ದಾರದ ಹಾಗೆ ಮೆತ್ತಗಾಯಿತು. ಹಿಡಿದರೆ ಕೈಗೇ ಬರುತ್ತಿತ್ತು. ಹೀಗೆ ಹನ್ನೊಂದು ಹೋದವು. ಖಾಲಾ ಒಂದೊಂದನ್ನೇ ಕಿತ್ತು ಸೆರಗಿನಲ್ಲಿ ಹಾಕಿಕೊಂಡರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಜರ ಬಡದದ ಬೇಟಿ," ಅಂದರು. "ಖಣಿಯವರು ತ್ವಾಟ ನೋಡ್ಲಿಕ್ಕ ಬಂದಿದ್ರಲ್ಲ, ಅವತ್ತ ಬಡದದ. ನಾಳಿಗಿ ಗುರುವಾರ. ಲೋಬಾನ ಹಾಕ್ತೀನಿ."

ಗುರುವಾರ ದೀಪ ಹಚ್ಚುವ ಹೊತ್ತಿಗೆ ಕೆಂಡ ತುಂಬಿದ ಮಣ್ಣಿನ ಬಟ್ಟಲು ಹಿಡಿದು ಬಂದರು. ಲೋಬಾನದ ಹರಳು ಹಾಕಿದರು. ಬಿಳಿ ಹೊಗೆ ಎದ್ದಿತು. ಖಾಲಾ ಬಾಯಲ್ಲಿ ಏನೋ ಓದಿಕೊಳ್ಳುತ್ತ ಪ್ರತಿ ಕುಂಡದ ಸುತ್ತ ಬಟ್ಟಲು ತಿರುಗಿಸಿದರು. ಅತ್ತೆಯೂ ಕೈಮುಗಿದು ನಿಂತರು. ನಜರ ಅನ್ನಿ, ದೃಷ್ಟಿ ಅನ್ನಿ, ಎಲ್ಲರ ಮನೆಗೂ ಒಂದೇ. ಅಷ್ಟರಲ್ಲಿ ಕಾರ್ಖಾನೆಯಿಂದ ಬಂದ ನಮ್ಮ ಮನೆಯವರು, ಏನು ನಡೆದಿದೆ ಎಂದು ನೋಡಲು ಒಳಗೆ ಕಾಲಿಟ್ಟು, ಎರಡೇ ಹೆಜ್ಜೆಗೆ ಕೆಮ್ಮುತ್ತ ಕುಳಿತುಬಿಟ್ಟರು. ಅವರು ಎತ್ತರದ ಆಳು. ನಮ್ಮ ತಲೆಗಳೆಲ್ಲ ಹೊಗೆಯ ಕೆಳಗಿದ್ದವು, ಅವರ ತಲೆ ಮಾತ್ರ ಹೊಗೆಯ ಒಳಗೆ ಹೋಗಿತ್ತು.

ಆಗಲೇ ನಾವು ಮೇಲೆ ನೋಡಿದ್ದು. ಹೊಗೆ ಮಾಳಿಗೆಗೆ ತಾಗಿ, ಹಾಸಿದ ಬಿಳಿ ದುಪ್ಪಟಿಯ ಹಾಗೆ ನಿಂತಿತ್ತು. ಅಲುಗಾಡುತ್ತಿರಲಿಲ್ಲ. ಹೊರಗೆ ಹೋಗಲು ದಾರಿಯೇ ಇಲ್ಲ. ನಮ್ಮ ಮನೆಯವರು ಕೈಯೆತ್ತಿ ಮಾಳಿಗೆಯ ಕಲ್ಲು ಮುಟ್ಟಿ ಫಕ್ಕನೆ ತೆಗೆದರು.

"ಯವ್ವಾ! ಹಂಚು ಕಾಯ್ದಂಗ ಕಾಯ್ದದ. ಹೊತ್ತು ಮುಣಗಿ ಎಷ್ಟೊತ್ತಾತು!"

ಖಾಲಾ ಬಟ್ಟಲನ್ನು ಕೆಳಗಿಟ್ಟು ಬಹಳ ಹೊತ್ತು ಆ ಹೊಗೆಯನ್ನೇ ನೋಡುತ್ತ ನಿಂತರು.

"ನಮ್ಮವರು ತ್ವಾಟದಾಗ ಗುರುವಾರ ಹೊಗಿ ಹಾಕ್ತಿದ್ರು," ಅಂದರು ನಮ್ಮ ಮನೆಯವರಿಗೆ. "ಒಂದು ಬೀಡಿ ಸೇದಿ ಮುಗಿಸೋದ್ರಾಗ ಹೊಗಿ ನದಿ ಕಡಿ ಹೋಗಿರ್ತಿತ್ತು. ಇದು ನಜರ ಅಲ್ಲ ಚಂದಪ್ಪ. ಇವಕ್ಕ ಉಸಿರಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. ನೆಲದ ಮೇಲಿನ ಹಸಿ ಗೋಣಿ, ಸಂದಿಗೆ ತುರುಕಿದ ಚಿಂದಿ, ಎಲ್ಲ ನೋಡಿದರು. "ನೀ ಬಳ್ಳಿ ಬೆಳಸ್ಲಿಕತ್ತಿಲ್ಲ ಶಾಂತಾ. ಕಡಬು ಬೇಯಿಸ್ಲಿಕತ್ತಿ."

ನನಗೆ ಅಳು ಬಂದಿತ್ತು. ಆದರೆ ಮೊದಲು ನಕ್ಕವರು ಖಾಲಾ. ಅವರು ನಕ್ಕ ಮೇಲೆ ನಾನು ಅಳಲು ಹೇಗೆ ಸಾಧ್ಯ?

ಉಳಿದದ್ದು ಮೂವತ್ತೊಂದು. ಬೇಸಿಗೆಯ ಕೆಟ್ಟ ದಿನಗಳು ಇನ್ನೂ ಮುಂದಿದ್ದವು. ಮರುದಿನ ನಮ್ಮ ಮನೆಯವರು ಗೌಂಡಿ ಮಲ್ಲಪ್ಪನನ್ನು ಕರೆತಂದರು. ಊರಿನ ಅರ್ಧ ಮಾಳಿಗೆಗಳನ್ನು ಹಾಸಿದವನು ಆತ. ಕೋಣೆಯನ್ನು ಒಂದು ಸುತ್ತು ನೋಡಿ, ನಡುವಿನ ಒಂದು ಫರಸಿ ಎತ್ತಬೇಕು, ಆಗ ಕಾವು ಮೇಲೆ ಹೋಗುತ್ತದೆ ಅಂದ. ಎಲ್ಲರೂ ಅತ್ತೆಯ ಕಡೆ ನೋಡಿದೆವು. ಆ ಮಾಳಿಗೆ ಹಾಸಿಸಿದವರು ಮಾವನವರು. ಒಂದೊಂದು ಕಲ್ಲನ್ನೂ ಖಣಿಗೆ ಹೋಗಿ ತಾವೇ ಆರಿಸಿ ತಂದಿದ್ದರಂತೆ. ಅದರ ಸಂದಿಯ ಗಚ್ಚು ಕೂಡ ಇದುವರೆಗೆ ಬಿರಿದಿರಲಿಲ್ಲ.

ಅತ್ತೆ ಬಾಯಲ್ಲಿದ್ದದ್ದನ್ನು ಉಗುಳಿ ಬಂದರು.

"ಆ ಮಾಳಿಗಿ ಕೆಳಗ ಇಷ್ಟು ವರ್ಷ ನಾ ಬೆಂದೀನಿ. ಒಂದು ಬೆಳಕಿಂಡಿ ಬಿಡಸ್ರಿ ಅಂತ ನಮ್ಮವರಿಗಿ ಎಷ್ಟು ಸಲ ಹೇಳ್ದೆ. ಮಳಿ ಬರ್ತದ, ಕಳ್ಳ ಬರ್ತಾನ, ಬೆಕ್ಕು ಬರ್ತದ ಅಂದ್ರು. ಗಾಳಿ ಬರ್ತದ ಅಂತ ಒಮ್ಮಿನೂ ಅನ್ಲಿಲ್ಲ. ತಗಿ ಮಲ್ಲಪ್ಪ."

ಮಲ್ಲಪ್ಪ ಹಾರೆ ಹಾಕಿ ಗಚ್ಚು ಬಿಡಿಸಿ ಕಲ್ಲು ಎತ್ತಿದ. ತೂತಿನ ಸುತ್ತ ನಾಲ್ಕು ತುಂಡು ಕಲ್ಲು ನಿಲ್ಲಿಸಿ, ಅದೇ ಫರಸಿಯನ್ನು ಅದರ ಮೇಲೆ ಒಂದು ಗೇಣು ಎತ್ತರಕ್ಕೆ ಕೊಡೆಯ ಹಾಗೆ ಕೂರಿಸಿದ. ಬಿಸಿಲು ನೇರ ಬೀಳುವುದಿಲ್ಲ, ಬೆಳಕು ಬರುತ್ತದೆ, ಕಾವು ಹೋಗುತ್ತದೆ. ಆಮೇಲೆ ಕೆಳಗಿಳಿದು ಬಡಗು ಗೋಡೆಯ ಬುಡದಲ್ಲಿ, ಬಚ್ಚಲ ತಂಪು ಇರುವ ಕಡೆ, ಒಂದು ಕಲ್ಲು ಕಿತ್ತ.

"ಮನಿ ಕಟ್ಟೋದು ಗೊತ್ತಿತ್ತು ವೈನಿ," ಅಂದ ನನಗೆ. "ಮನಿಗಿ ಮೂಗು ಇಡೋದು ಇದೇ ಮೊದಲು."

ಖಾಲಾ ಮತ್ತೆ ಲೋಬಾನ ಹಾಕಿದರು. ಅದು ಗುರುವಾರವಾಗಿರಲಿಲ್ಲ. ಈ ಸಲ ನಜರಕ್ಕಲ್ಲ, ಪರೀಕ್ಷೆಗೆ. ಬಟ್ಟಲನ್ನು ಕೆಳಗಿನ ಕಿಂಡಿಯ ಹತ್ತಿರ ಇಟ್ಟೆವು. ಹೊಗೆ ಒಂದು ಕ್ಷಣ ಅನುಮಾನಿಸಿತು, ಆಮೇಲೆ ಕುಂಡಗಳ ನಡುವೆ ಹಾದು, ಮೇಲೆದ್ದು, ಮಾಳಿಗೆಯ ಬಾಯಿಂದ ಹೊರಟುಹೋಯಿತು. ಅತ್ತೆ ಅಂಗಳಕ್ಕೆ ಓಡಿ ನೋಡಿ, "ಬಂತು, ಬಂತು, ಹೊರಗ ಬಂತು!" ಎಂದು ಕೂಗಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಪಡುವಣ ಗೋಡೆಗೆ ಬಿಸಿಲು ಬಡಿಯದಂತೆ ಹೊರಗಿನಿಂದ ತೊಗರಿಕಟ್ಟಿಗೆಯ ತಟ್ಟಿ ಕಟ್ಟಿದೆವು. ಮಾಳಿಗೆಗೆ ದಪ್ಪಗೆ ಸುಣ್ಣ ಬಳಿಸಿದೆವು. "ಎಲಿಗಿ ಸುಣ್ಣ ಹಚ್ಚೋದು ಕಂಡಿದ್ದೆ, ಎಲಿ ಇರೋ ಮನಿಗಿ ಹಚ್ಚೋದು ಈಗ ಕಂಡೆ," ಎಂದರು ಅತ್ತೆ. ಕುಂಡಗಳನ್ನು ನೆಲದಿಂದ ಎತ್ತಿ ಕಲ್ಲಿನ ತುಂಡುಗಳ ಮೇಲೆ ಇಟ್ಟೆವು. ಕೆಳಗಿನ ಕಿಂಡಿಗೆ ಗೋಣಿತಟ್ಟು ಇಳಿಬಿಟ್ಟು, ಅದರ ಮೇಲೆ ತೂತಿನ ಹರವಿ ಇಟ್ಟು, ತೂತಿಗೆ ಬಟ್ಟೆಯ ಬತ್ತಿ ಹಾಕಿದೆವು. ಹನಿ ಹನಿ ನೀರು ತಟ್ಟಿಗೆ ಇಳಿಯುತ್ತಿತ್ತು. ಹೊರಗಿನ ಗಾಳಿ ಆ ಹಸಿಯ ಮೂಲಕ ಬಂದರೆ ಝಳ ಝಳವಾಗಿರುತ್ತಿರಲಿಲ್ಲ.

ನಮ್ಮ ಗಡಿಯಾರ ಸಿಮೆಂಟ್ ಕಾರ್ಖಾನೆಯ ಭೋಂಗಾ. ಬೆಳಗಿನ ಭೋಂಗಾ ಕೂಗಿದರೆ ಬಾಗಿಲು ಕಿಟಕಿ ಮುಚ್ಚಿ ಗೋಣಿತಟ್ಟಿಗೆ ನೀರು. ಆಮೇಲೆ ಸಂಜೆಯ ಭೋಂಗಾದ ತನಕ ತಟ್ಟು ಒಣಗಬಾರದು. ಸಂಜೆ ಕೂಗಿದ ಮೇಲೆ ಎಲ್ಲ ತೆರೆದು ಬೆಳತನಕ ಹಾಗೇ ಬಿಡುವುದು. ಕಲ್ಲು ತಾನು ಕುಡಿದ ಕಾವನ್ನು ಉಗುಳುವ ಹೊತ್ತು ಅದು, ಅದಕ್ಕೆ ದಾರಿ ಬೇಕು.

ಒಂದು ಮಧ್ಯಾಹ್ನ ನಾನು ತಪ್ಪಿದೆ. ರೊಟ್ಟಿ ಉಂಡು, ಗೋಡೆಗೆ ಒರಗಿದವಳು ಹಾಗೇ ನಿದ್ದೆ ಹೋದೆ. ಹರವಿ ಬರಿದಾಗಿ, ತಟ್ಟು ಒಣಗಿ, ಮೇಲಿನ ಬಾಯಿ ಎಳೆದ ರಭಸಕ್ಕೆ ಹೊರಗಿನ ಝಳ ನೇರವಾಗಿ ಒಳಗೆ ನುಗ್ಗಿತ್ತು. ಎದ್ದು ನೋಡಿದರೆ ಕಿಂಡಿಯ ಎದುರಿನ ಎರಡು ಬಳ್ಳಿಗಳು ಸುಟ್ಟ ಹಪ್ಪಳ. ಮೂಗಿಟ್ಟರೆ ಸಾಲದು, ಮೂಗು ಒಣಗದಂತೆ ನೋಡಿಕೊಳ್ಳಬೇಕು ಎಂದು ಅವತ್ತು ಗೊತ್ತಾಯಿತು. ಉಳಿದದ್ದು ಇಪ್ಪತ್ತೊಂಬತ್ತು.

ಮಾರನೆಯ ದಿನ ಅತ್ತೆ ತಮ್ಮ ಮಂಚವನ್ನು ಮತ್ತೆ ಕೋಣೆಯೊಳಗೆ ಎಳೆದುಕೊಂಡು ಹೋದರು. "ಈಕಿಗಿ ನಿದ್ದಿ ಭಾಳ. ಹರವಿ ನಾ ನೋಡ್ತೀನಿ," ಎಂದರು. ಅಸಲಿ ಮಾತು ನಮಗೆಲ್ಲ ಗೊತ್ತಿತ್ತು: ಆ ಹೊತ್ತಿಗೆ ಇಡೀ ಮನೆಯಲ್ಲಿ, ಬಹುಶಃ ಇಡೀ ಓಣಿಯಲ್ಲಿ, ಅಷ್ಟು ತಂಪಾದ ಜಾಗ ಇನ್ನೊಂದಿರಲಿಲ್ಲ. ಬಳ್ಳಿಗಳ ನಡುವೆ ಮಂಚ, ಮಂಚದ ಪಕ್ಕ ಚೊಂಬು. ಹರವಿಯ ಹನಿ ಸದ್ದು ನಿಂತರೆ ನಿದ್ದೆಯಲ್ಲೂ ಎಚ್ಚರಾಗುತ್ತಿದ್ದರು. ಓಣಿಯ ಹೆಂಗಸರಿಗೆ ಸುದ್ದಿ ಹೋಯಿತು. ಒಬ್ಬರು ಹುಣಸೆಬೀಜ ಬಿಡಿಸಲು ಬಂದರು, ಇನ್ನೊಬ್ಬರು ಕೌದಿ ಹೊಲಿಯಲು, ಮತ್ತೊಬ್ಬರು ಸುಮ್ಮನೆ. ಬಾಗಿಲು ತೆಗೆಯುವುದು ಹಾಕುವುದು ನಡೆದೇ ನಡೆಯಿತು. ಸಂಜೆ ಬಂದ ಖಾಲಾ ಸೊಂಟದ ಮೇಲೆ ಕೈಯಿಟ್ಟರು.

"ಇದೇನು ಎಲಿ ಮನಿನೋ, ಸ್ಟೇಶನ್ ಮುಸಾಫಿರಖಾನಾನೋ? ಏಳ್ರಿ, ಏಳ್ರಿ. ನೀವು ಉಸಿರು ಬಿಟ್ಟರ ನನ್ನ ಬಳ್ಳಿ ಬೆವರ್ತಾವ!"

ಅತ್ತೆಗೆ ಮಾತ್ರ ಮಾಫಿ. ಆದರೆ ಅತ್ತೆಯ ಕಷ್ಟ ಬೇರೆ. ಸುತ್ತ ಎಲೆ, ತಲೆಯ ಮೇಲೆ ಎಲೆ, ಕೈ ಚಾಚಿದರೆ ಎಲೆ. ಬಾಯಿಗೆ ಮಾತ್ರ ಸಂತೆಯಿಂದ ತಂದ, ಬಿಸಿಲಿಗೆ ಬಾಡಿದ ದಪ್ಪ ಎಲೆ.

"ಒಂದ ಒಂದು ಹಾಜರಾಬಿ. ಕೆಳಗಿಂದು, ಸಣ್ಣದು. ಬಳ್ಳಿಗಿ ಗೊತ್ತೂ ಆಗಂಗಿಲ್ಲ."

"ಬಳ್ಳಿಗಿ ಗೊತ್ತಾಗ್ತದ. ನನಗೂ ಗೊತ್ತಾಗ್ತದ. ಮಿರಗ ಬರಲಿ."

"ಮಿರಗಕ್ಕ ನಾ ಇರ್ತೀನೋ ಇಲ್ಲೋ."

"ಇಷ್ಟು ತಂಪಿನ್ಯಾಗ ಮಲಗೋರಿಗಿ ಏನಾಗ್ತದ್ರಿ? ನೂರು ವರ್ಷ ಇರ್ತೀರಿ."

ವೈಶಾಖದ ನಡುವೆ ಒಂದು ಬೆಳಗ್ಗೆ ಖಾಲಾ ಒಳಗೆ ಹೋದವರು ಹೊರಗೆ ಬರಲಿಲ್ಲ. ಹೆದರಿ ಹೋಗಿ ನೋಡಿದೆ. ಒಡಕು ಹರವಿಯೊಂದರ ಮುಂದೆ ಮೊಣಕಾಲೂರಿ ಕುಳಿತಿದ್ದರು. ಬಳ್ಳಿಯ ಗಿಣ್ಣಿನಲ್ಲಿ ಉಗುರಿನಷ್ಟು ಚಿಗುರು, ತಿಳಿಹಸಿರು, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಖಾಲಾ ಅದನ್ನು ಮುಟ್ಟಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ, "ನೋಡ್ ಬೇಟಿ, ನಮ್ಮ ಸಾಹೇಬ್ರು ಎದ್ದಾರ," ಎಂದರು. ಆ ವಾರದಲ್ಲಿ ಒಂದಾದ ಮೇಲೊಂದು, ಎಲ್ಲವೂ ಎದ್ದವು. ದಿನಾ ಬೆಳಗ್ಗೆ ಎಣಿಸುತ್ತಿದ್ದೆ. ಇಪ್ಪತ್ತೊಂಬತ್ತು ಇಪ್ಪತ್ತೊಂಬತ್ತಾಗಿಯೇ ಉಳಿಯಿತು.

ಆ ವರ್ಷ ಮಿರಗ ತಡ ಮಾಡಲಿಲ್ಲ. ಒಂದು ಸಂಜೆ ವಾಡಿಯ ಕಡೆಯಿಂದ ಕರಿಮೋಡ ಎದ್ದು, ಕಾದ ಫರಸಿಯ ಮೇಲೆ ಮೊದಲ ಹನಿಗಳು ಚುರ್ ಎಂದವು. ಇನ್ನೆರಡು ಮಳೆ ಬಿದ್ದು ನೆಲ ನೆನೆದ ಮೇಲೆ ಎತ್ತಿನ ಬಂಡಿ ತರಿಸಿ, ಹುಲ್ಲು ಹಾಸಿ, ಕುಂಡಗಳನ್ನು ಏರಿಸಿದೆವು. ನದಿ ದಂಡೆಯ ತುಂಡಿನಲ್ಲಿ ಹಿಂದಿನವರು ಬಿಟ್ಟುಹೋದ ನುಗ್ಗೆ, ಚೊಗಚಿ ಗಿಡಗಳಿದ್ದವು. ಅವುಗಳ ನೆರಳಲ್ಲಿ, ಒಂದೊಂದು ಗಿಡದ ಬುಡಕ್ಕೆ ಒಂದೊಂದು ಬಳ್ಳಿ. ಅತ್ತೆಯೂ ಬಂದಿದ್ದರು. ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು, ಯಾರೂ ಹೇಳದೆಯೇ, ನದಿಯಲ್ಲಿ ಕಾಲು ತೊಳೆದು ಬಂದರು. ಇಪ್ಪತ್ತೆಂಟು ಹಚ್ಚಿದ ಮೇಲೆ ಖಾಲಾ ಕೊನೆಯ ಕುಂಡವನ್ನು ಎತ್ತಿ ಮತ್ತೆ ಬಂಡಿಯಲ್ಲಿಟ್ಟರು.

"ಇದು ನಿಮ್ಮ ಬಚ್ಚಲ ಹಿಂದ ಇರಲಿ. ಇಲ್ಲಿ ಏನಾರ ಆದರ, ಅಲ್ಲಿ ಒಂದು ಇರ್ತದ."

ಅವತ್ತು ಖಾಲಾ ನಮ್ಮಲ್ಲೇ ಉಳಿದರು. ಮಳೆ ಹಿಡಿದಿತ್ತು. ಬಿಸಿ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಅವರು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಮಾವಿನಹಣ್ಣಿನ ಶೀಕರಣೆ. ಊಟವಾದ ಮೇಲೆ ಖಾಲಾ ಎದ್ದು ಹೋಗಿ ಆ ಒಂದು ಕುಂಡದಿಂದ ಒಂದು ಎಲೆ ಕಿತ್ತು, ತೊಡೆಯ ಮೇಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಬಾಯಿಗಿಟ್ಟುಕೊಂಡು ಹಿಂದಿನ ಕೋಣೆಗೆ ಹೋಗಿ ಮಲಗಿದರು. ಬಳ್ಳಿಗಳಿಲ್ಲದೆ ಕೋಣೆ ದೊಡ್ಡದಾಗಿ ಕಾಣುತ್ತಿತ್ತು. ಮಾಳಿಗೆಯ ಬಾಯಿಂದ ತುಂತುರು ಒಳಗೆ ಬರುತ್ತಿತ್ತು. ನಾಳೆ ಮಲ್ಲಪ್ಪನನ್ನು ಕರೆದು ಕಲ್ಲು ಮೊದಲಿನ ಹಾಗೆ ಕೂರಿಸೋಣವೇ ಎಂದು ನಮ್ಮ ಮನೆಯವರು ಕೇಳಿದರು. "ಮುಟ್ಟಬ್ಯಾಡ," ಎಂದು ಒಳಗಿನಿಂದ ಉತ್ತರ ಬಂತು, ಬಾಯಿ ತುಂಬಿದ ದನಿಯಲ್ಲಿ.

ಸ್ವಲ್ಪ ಹೊತ್ತು ಬಿಟ್ಟು ಖಾಲಾ ಬಾಗಿಲಲ್ಲಿ ನಿಂತು ಕೇಳಿದರು. "ನಿಂಗಮ್ಮಕ್ಕ, ಎಲಿ ಹೆಂಗದ?"

ಒಳಗಿನಿಂದ ಸಣ್ಣ ಗೊರಕೆ ಬಂತು. ದೀಪ ಹಿಡಿದು ನೋಡಿದೆ. ಒಂದು ದವಡೆ ಉಬ್ಬಿಕೊಂಡಿತ್ತು, ತುಂತುರಿಗೆ ಕಾಲು ಮಡಚಿಕೊಂಡಿದ್ದರು. ಅವತ್ತು ನಮ್ಮೆಲ್ಲರಿಗಿಂತ ಮೊದಲು ನಿದ್ದೆ ಹೋದವರು ಅತ್ತೆ.